ಪ್ರಿಂಟಿಗೆ ಬಾರದ ಟಿಪ್ಪಣಿಗಳು

ಬೇರೆಯವರ ಜಗಳವನ್ನು ಕಿವಿಗೆ ಹಾಕಿಕೊಂಡು ಹೊಟ್ಟೆ ಹೊರೆಯುವವರಿಗೆ ತಮಾಷೆಯ ಪ್ರಸಂಗಗಳಿಗೆ ಬರವಿಲ್ಲ, ದಿನ ಬೆಳಗಾದರೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ನಮ್ಮ ಆಫೀಸಿನವು ಮಾತ್ರ ಸ್ವಲ್ಪ ಬೇರೆ ಜಾತಿಯವು. ಮೊದಲು ಮೈ ಜುಂ ಅನ್ನುತ್ತಿತ್ತು. ನಗು ಬರುವ ಹೊತ್ತಿಗೆ ಕೈಕಾಲು ತಣ್ಣಗಾಗಿರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನಾಗ ಚಾಮರಾಜಪೇಟೆಯಲ್ಲಿ ಒಂದು ಗ್ರಂಧಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೆಲಸಕ್ಕಿದ್ದೆ. ಕೆಳಗಿನಿಂದ ಸದಾ ಕರ್ಪೂರ, ಬಜೆ, ಸಾಂಬ್ರಾಣಿಯ ವಾಸನೆ. ನಿವೃತ್ತ ಜಡ್ಜುಗಳು ತಮ್ಮ ಮನೆಯ ಹಾಲಿನಲ್ಲೇ ಕೂತು ನಡೆಸುವ ಆರ್ಬಿಟ್ರೇಷನ್ ಎಂಬ ಖಾಸಗಿ ಪಂಚಾಯಿತಿ, ಸರ್ಕಾರಿ ಕಚೇರಿಗಳ ಇಲಾಖಾ ವಿಚಾರಣೆ, ಇಂಥವುಗಳ ಟೇಪು ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಕೇಳಿ, ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಬೈಂಡ್ ಹಾಕಿಸಿ ಕೊಡುವುದು ನಮ್ಮ ಕಸುಬು. ಯಜಮಾನರು ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ರಿಟೈರ್ ಆದವರು. ಟೈಪ್ ಮಾಡುವವರು ಮೂವರು. ಎಲ್ಲರಿಗಿಂತ ಹಿರಿಯರಾದ ಅಕ್ಕ, ಹನುಮಂತನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ, ನಾವು ತಮಾಷೆಗೆ ಗೃಹಸ್ಥರು ಎಂದು ಕರೆಯುತ್ತಿದ್ದ ಒಬ್ಬರು, ಮತ್ತೆ ನಾನು.

ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಸೌಕರ್ಯವಿತ್ತು. ಒಂದು ಕೀ ಒತ್ತಿದರೆ ಸಾಕ್ಷಿಯ ಮಾತಿನ ನಡುವೆಯೇ ಚಿಕ್ಕ ಟಿಪ್ಪಣಿ ಬರೆಯಬಹುದು. ಅದು ಪರದೆಯ ಮೇಲೆ ಮಾತ್ರ ಕಾಣುತ್ತದೆ, ಪ್ರಿಂಟಿನಲ್ಲಿ ಬರುವುದಿಲ್ಲ. 'ಇಲ್ಲಿ ಸರಿಯಾಗಿ ಕೇಳಿಸುತ್ತಿಲ್ಲ, ಇನ್ನೊಮ್ಮೆ ನೋಡಿ' ಎಂದು ಬರೆದುಕೊಳ್ಳಲಿ ಅಂತ ಮಾಡಿದ್ದು. ನಾವು ಮೂವರೂ ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನ್ ಹಾಕಿಕೊಂಡು ಕೂರುವವರು. ಒಬ್ಬರು ಟೈಪ್ ಮಾಡಿದ್ದನ್ನು ಇನ್ನೊಬ್ಬರು ಚೆಕ್ ಮಾಡುವ ಪದ್ಧತಿ. ಹಾಗಾಗಿ ನಮ್ಮ ಹರಟೆ, ಮುನಿಸು, ತಿಂಡಿ ವಿಚಾರ ಎಲ್ಲವೂ ಆ ಟಿಪ್ಪಣಿಗಳಲ್ಲೇ ನಡೆಯತೊಡಗಿತು. 'ಅಂದು ಮಧ್ಯಾಹ್ನ ಎರಡಾದರೂ ನಮ್ಮನ್ನು ಊಟಕ್ಕೆ ಬಿಡಲಿಲ್ಲ' ಎಂದು ಸಾಕ್ಷಿ ಹೇಳಿದ್ದರೆ ಅದರ ಕೆಳಗೆ ಅಕ್ಕನ ಟಿಪ್ಪಣಿ: [ನನಗೂ ಹಸಿವು. ನಿನ್ನ ಡಬ್ಬಿಯಲ್ಲಿ ಏನಿದೆ?] ಅದರ ಕೆಳಗೆ ನನ್ನದು: [ಅವಲಕ್ಕಿ. ನಿಂಬೆಹಣ್ಣು ಹಿಂಡೋದು ಮರೆತೆ.]

ಯಜಮಾನರಿಗೆ ಈ ಟಿಪ್ಪಣಿಗಳೆಂದರೆ ಪ್ರಾಣಭಯ. ಆಫೀಸು ನಡೆಯುತ್ತಿದ್ದದ್ದೇ ಒಂದು ಕೇಸಿನ ಮೇಲೆ. ಬಸವನಗುಡಿಯ ಒಂದು ಛತ್ರಕ್ಕಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಎಳೆದಾಡುತ್ತಿದ್ದರು. ಎನ್.ಆರ್. ಕಾಲೋನಿಯ ಜಡ್ಜ್ ಸಾಹೇಬರೊಬ್ಬರು ಅದರ ಆರ್ಬಿಟ್ರೇಟರು. ಯಜಮಾನರು ಹಿಂದೆ ಅವರ ಕೈಕೆಳಗೇ ಸ್ಟೆನೋ ಆಗಿದ್ದವರು, ಆ ನಂಬಿಕೆಯ ಮೇಲೆ ಕೆಲಸ ನಮಗೆ ಬಂದಿತ್ತು.

"ನೋಡಿ, ಒಂದೇ ಒಂದು ಟಿಪ್ಪಣಿ ಪೇಪರ್ ಮೇಲೆ ಸಾಹೇಬ್ರ ಕಣ್ಣಿಗೆ ಬಿತ್ತೋ, ಕೆಲಸ ಹೋಯ್ತು ಅಂತ್ಲೇ ಲೆಕ್ಕ. ಆವತ್ತೇ ಬಾಗ್ಲು ಹಾಕ್ತೀನಿ. ನೀವೂ ಬೀದೀಲಿ, ನಾನೂ ಬೀದೀಲಿ," ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಆಗ ಸಂಬಳ ತರುತ್ತಿದ್ದವಳು ನಾನೊಬ್ಬಳೇ. ಆ ಮಾತು ಕೇಳಿದಾಗಲೆಲ್ಲ ಮನಸ್ಸಿನಲ್ಲೇ ಬಾಡಿಗೆ, ರೇಷನ್ನಿನ ಲೆಕ್ಕ ಹಾಕುತ್ತಿದ್ದೆ. ಆದರೂ ಟಿಪ್ಪಣಿ ಬಿಡಲಿಲ್ಲ. ನಶ್ಯ ಹಾಕುವವರಿಗೆ ಡಬ್ಬಿ ಬಿಡಿ ಎಂದರೆ ಬಿಡುತ್ತಾರೆಯೇ?

ಸತ್ತವನ ಹೇಳಿಕೆ

ಕಟ್ಟಡದ ಒಡತಿ ಹಿಂದಿನ ಮನೆಯಲ್ಲೇ ಇದ್ದ ಅಜ್ಜಿ. ಒಂದು ಮಧ್ಯಾಹ್ನ ಸೋರುವ ನಲ್ಲಿ ನೋಡಲು ಮೇಲೆ ಬಂದರು. ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ಅವರ ಕಣ್ಣಿಗೆ ಕಂಡದ್ದನ್ನು ಆಮೇಲೆ ಬೀದಿಗೆಲ್ಲ ಹೇಳಿದ್ದಾರೆ, ಹಾಗಾಗಿ ನನಗೂ ಗೊತ್ತು. ಕೋಣೆಯಲ್ಲಿ ಒಂದು ಮಾತಿಲ್ಲ. ಮೂರು ಜನ ಮೂರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾರೆ. ಮೇಜಿನ ಕೆಳಗೆ ಮೂವರ ಬಲಗಾಲೂ ತಾನೇ ತಾನಾಗಿ ಮೇಲೆ ಕೆಳಗೆ ಆಡುತ್ತಿದೆ. (ಟೇಪು ನಿಲ್ಲಿಸಿ ಓಡಿಸಲು ಕಾಲಲ್ಲಿ ಒತ್ತುವ ಪೆಡಲ್ ಇರುತ್ತಿತ್ತು, ಅದು ಅಜ್ಜಿಗೆ ಹೇಗೆ ಗೊತ್ತಾಗಬೇಕು?) ಇದ್ದಕ್ಕಿದ್ದಂತೆ ಅಕ್ಕ ಕಿಸಕ್ಕನೆ ನಕ್ಕರು. ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ಕಣ್ಣೊರೆಸಿಕೊಂಡೆ, ನನ್ನ ಟೇಪಿನಲ್ಲಿ ಒಬ್ಬ ಹೆಂಗಸು ಅಳುತ್ತಿದ್ದಳು. ಆಮೇಲೆ ಗೃಹಸ್ಥರು ಗೋಡೆಗೆ "ಅಯ್ಯೋ ಪಾಪ" ಎಂದರು. ಅಜ್ಜಿ ನಲ್ಲಿಯನ್ನೂ ಮರೆತು ಮೆಟ್ಟಿಲಿಳಿದರು.

ಮರುದಿನ ಬೆಳಗ್ಗೆ ಅಜ್ಜಿಯ ಹಿಂದೆ ಒಬ್ಬ ಶಾಸ್ತ್ರಿಗಳು ಬಂದರು. ಕೈಯಲ್ಲಿ ಪಂಚಪಾತ್ರೆ, ನಿಂಬೆಹಣ್ಣು. ಮೂಲೆ ಮೂಲೆಗೂ ನೀರು ಪ್ರೋಕ್ಷಿಸುತ್ತ ಯುಪಿಎಸ್ಸಿನ ಹತ್ತಿರ ಬಂದಾಗ ಅಕ್ಕ "ಸ್ವಾಮಿ, ಅಲ್ಲಿ ಕರೆಂಟಿದೆ!" ಎಂದು ಕಿರುಚಿದರು. ಶಾಸ್ತ್ರಿಗಳು ಹಾರಿ ಹಿಂದೆ ಸರಿದು, ಸುಧಾರಿಸಿಕೊಂಡು, ಹೆಡ್‌ಫೋನಿನ ಕಡೆ ಕೈ ತೋರಿಸಿದರು.

"ಇದ್ರಲ್ಲಿ ಏನಮ್ಮಾ ಕೇಳ್ಸ್ಕೊಳ್ತೀರಿ?"

"ನೀವೇ ಕೇಳಿ ಸ್ವಾಮಿ," ಎಂದು ಅಕ್ಕ ಅದನ್ನು ಅವರ ಕಿವಿಗೆ ಹಾಕಿ ಪೆಡಲ್ ಒತ್ತಿದರು.

ಶಾಸ್ತ್ರಿಗಳ ಮುಖ ನಮ್ಮ ಕಣ್ಣೆದುರೇ ಬಿಳಚಿಕೊಂಡಿತು. ಟೇಪಿನಲ್ಲಿ ಒಬ್ಬ ಗಂಡಸು ಬಹಳ ಬೇಸರದಿಂದ ಹೇಳುತ್ತಿದ್ದ: "ಸ್ವಾಮಿ, ನಾನು ಸತ್ತು ಎಂಟು ತಿಂಗಳಾಯ್ತು. ಆದ್ರೂ ದಿನಾ ಬಂದು ನನ್ನ ಕುರ್ಚೀಲಿ ಕೂತ್ಕೋತಿದೀನಿ. ಯಾರೂ ನನ್ನ ಮಾತಾಡಿಸ್ತಿಲ್ಲ. ನಾನು ಎಲ್ಲಿಗಂತ ಹೋಗ್ಲಿ, ನೀವೇ ಹೇಳಿ."

ಹಾವು ಬಿಡಿಸುವ ಹಾಗೆ ಶಾಸ್ತ್ರಿಗಳು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಬಿಡಿಸಿ ಕೆಳಗಿಟ್ಟರು. ಅಕ್ಕ ಸಮಾಧಾನ ಹೇಳಿದರು. ಅವನು ಒಬ್ಬ ಗುಮಾಸ್ತ. ಬೇರೆ ಯಾರೋ ಸತ್ತದ್ದಕ್ಕೆ ಆಫೀಸಿನವರು ಇವನ ಹೆಸರಿನ ಮುಂದೆ ಮೃತ ಎಂದು ಬರೆದು ಸಂಬಳ ನಿಲ್ಲಿಸಿದ್ದರು. ತಾನು ಬದುಕಿದ್ದೇನೆ ಎಂದು ಸಾಧಿಸಲು ಪಾಪ ವಿಚಾರಣೆಗೆ ಓಡಾಡುತ್ತಿದ್ದ. ಶಾಸ್ತ್ರಿಗಳು ಎಲ್ಲವನ್ನೂ ಗಮನವಿಟ್ಟು ಕೇಳಿದರು.

"ವಿಚಾರಣೆ ಇನ್ನೂ ನಡೀತಿದೆಯಾ?"

"ನಡೀತಿದೆ ಸ್ವಾಮಿ."

"ಹಾಗಿದ್ರೆ ನನ್ನ ಕೈಲಿ ಏನೂ ಇಲ್ಲಮ್ಮ," ಎಂದು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡರು. "ವಿಷಯ ಮೇಲಿನವರ ಮುಂದೆ ಇರೋವಾಗ ನಾವು ನಡುವೆ ಬಾಯಿ ಹಾಕಬಾರ್ದು."

ಎದ್ದು ಓಡಾಡು

ಯುಗಾದಿಗೆ ಹತ್ತು ಹನ್ನೆರಡು ದಿನ ಇರುವಾಗ ಅಕ್ಕ ಹೋಗಿಬಿಟ್ಟರು. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಕಾಫಿಗೆ ಏಳಲಿಲ್ಲ. ಸೋಮವಾರ ಬಂದು ನೋಡಿದರೆ ಅವರ ಕುರ್ಚಿಯ ಬೆನ್ನಿಗೆ ಸ್ವೆಟರ್ ಹಾಗೇ ಇತ್ತು. ನನಗೆ ಅಷ್ಟು ದುಃಖ ಸ್ವಂತ ಚಿಕ್ಕಮ್ಮ ಹೋದಾಗಲೂ ಆಗಿರಲಿಲ್ಲ, ಮುಚ್ಚಿಟ್ಟುಕೊಳ್ಳುವುದೇಕೆ? ಟೇಪಿನಲ್ಲಿ ಯಾರು ಅಳಲಿ, ನಗಲಿ, ನನಗೆ ಒಂದೇ ಆಗಿತ್ತು.

ಅಷ್ಟರಲ್ಲಿ ಛತ್ರದ ಕೇಸಿನ ಹಳೆಯ ಹೇಳಿಕೆಯೊಂದನ್ನು ತಿದ್ದಿ ಕಳಿಸಬೇಕೆಂದು ವಕೀಲರಿಂದ ಬಂತು. ಫೈಲು ತೆರೆದೆ. ಸಾಕ್ಷಿ ಛತ್ರದ ಅಡುಗೆ ಪಾತ್ರೆಗಳ ಲೆಕ್ಕ ಒಪ್ಪಿಸುತ್ತಿದ್ದಾನೆ, ಕೊಪ್ಪರಿಗೆ, ಹಂಡೆ, ಕೊಳಗ, ಮುಗಿಯುವುದೇ ಇಲ್ಲ. ಅದರ ನಡುವೆ ಅಕ್ಕನ ಟಿಪ್ಪಣಿ: [ತುಂಬಾ ಹೊತ್ತಾಯಿತು. ಎದ್ದು ಎರಡು ಸುತ್ತು ಓಡಾಡು, ಸೊಂಟ ಹಿಡಿಯುತ್ತೆ.]

ಆ ಟಿಪ್ಪಣಿ ಹೋದ ವರ್ಷ ಬರೆದದ್ದು, ಅದು ನನಗೆ ಗೊತ್ತು. ಆದರೂ ಹೆಡ್‌ಫೋನ್ ತೆಗೆದಿಟ್ಟು ಎದ್ದೆ. ಕಿಟಕಿಯಿಂದ ಬಾಗಿಲವರೆಗೆ ಎರಡು ಸುತ್ತು ಹಾಕಿದೆ. ಅವರ ಮಾತು ಮೀರಿ ಅಭ್ಯಾಸವಿರಲಿಲ್ಲ.

ಗೃಹಸ್ಥರನ್ನು ಕರೆದು ತೋರಿಸಿದೆ. ಅವರು ಕಣ್ಣು ದೊಡ್ಡದು ಮಾಡಿ ಓದಿ, "ಹಳೇದು ಕಣ್ರೀ, ಹೆದರ್ಕೋಬೇಡಿ" ಎಂದರು. ಮುಂದಿನ ಭಾಗ ಅವರ ಪಾಲಿನದು. ಅಲ್ಲೂ ಅದೇ ಟಿಪ್ಪಣಿ ಎರಡು ಕಡೆ ಇತ್ತಂತೆ. ಅವರು ಏಳಲಿಲ್ಲ. ಸಂಜೆ ಯಜಮಾನರೂ ನಾನೂ ಗ್ರಂಧಿಗೆ ಅಂಗಡಿಯವರೂ ಸೇರಿ ಗೃಹಸ್ಥರನ್ನು ಕುರ್ಚಿ ಸಮೇತ ಮೆಟ್ಟಿಲಿಳಿಸಬೇಕಾಯಿತು.

ದೆವ್ವ ಗಿವ್ವ ಏನಿಲ್ಲ

ಹಳೆಯ ಫೈಲಿನಲ್ಲಿ ಹಳೆಯ ಮಾತು ಬಂದರೆ ಸರಿ. ಹೊಸ ಫೈಲಿನಲ್ಲಿ ಬಂದರೆ?

ಹೊಸ ಕೇಸು, ಹೊಸ ಟೇಪು. ಸಾಕ್ಷಿ ಪ್ರಮಾಣ ಮಾಡಿದ ಎಂದು ಟೈಪ್ ಮಾಡಿದೆ. ಪಕ್ಕದಲ್ಲಿ ತಾನಾಗಿ ಟಿಪ್ಪಣಿ ಮೂಡಿತು: [ಬೆನ್ನು ನೆಟ್ಟಗೆ.] ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಹಿಂದೆ ಯಾರೂ ಇಲ್ಲ. ಸ್ವೆಟರ್ ಮಾತ್ರ. ಕೊನೆಯಲ್ಲಿ ವಿಚಾರಣೆ ಮುಂದೂಡಲಾಗಿದೆ ಎಂದು ಮುಗಿಸಿದೆ. ಮೂಡಿತು ಇನ್ನೊಂದು: [ಅಯ್ಯೋ ಶಿವನೇ, ಮತ್ತೆಯಾ?]

ಗೃಹಸ್ಥರ ಕಂಪ್ಯೂಟರಿನಲ್ಲೂ ಇದೇ ಕಥೆ. ಅವರು ಮರುದಿನವೇ ತಮ್ಮ ಮನೆ ಹತ್ತಿರದ ಗುಡ್ಡದ ದೇವಸ್ಥಾನದಿಂದ ಕುಂಕುಮ ತಂದು ಮಾನಿಟರಿನ ಹಣೆಗೆ ಇಟ್ಟರು. ನನ್ನದಕ್ಕೂ ಇಟ್ಟರು, ನಾನು ಬೇಡ ಅನ್ನಲಿಲ್ಲ. ಯಜಮಾನರಿಗೆ ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಕಂಪ್ಯೂಟರು ನಿಧಾನವಾಗಿದೆ ಎಂದು ಸುಳ್ಳು ಹೇಳಿ ಸಾಫ್ಟ್‌ವೇರ್ ಕಂಪನಿಯಿಂದ ಸರ್ವೀಸಿನವನನ್ನು ಕರೆಸಿದೆವು.

ಆತ ಬಂದು, ನಾವು ಪಿಸುಗುಟ್ಟಿದ್ದನ್ನು ಕೇಳಿ, ಜೋರಾಗಿ ನಕ್ಕ. "ಸಿಂಪಲ್ ಮೇಡಂ. ಯಾವ್ದಾದ್ರೂ ಒಂದು ಪದಕ್ಕೆ ಒಂದು ಟಿಪ್ಪಣಿ ಕಟ್ಟಿಡಬಹುದು. ಆ ಪದ ಹೊಡೆದ ತಕ್ಷಣ ಅದರ ಹಿಂದೆ ಇದೂ ಬರತ್ತೆ. ನಿಮ್ಮ ಸೀನಿಯರ್ ಮೇಡಂ ಕೊನೇ ವಾರದಲ್ಲಿ ಒಂದಷ್ಟು ಕಟ್ಟಿಟ್ಟಿದಾರೆ, ಅದು ಎಲ್ಲಾ ಮೆಷೀನ್‌ಗೂ ಕಾಪಿ ಆಗಿದೆ. ದೆವ್ವ ಗಿವ್ವ ಏನಿಲ್ಲ."

ಇಬ್ಬರಿಗೂ ಉಸಿರು ಬಂತು. ಗೃಹಸ್ಥರು ಮಾನಿಟರಿನ ಕುಂಕುಮ ಒರೆಸಲು ಕರ್ಚೀಫು ತೆಗೆದರು.

"ನೋಡಿ, ಈಗ ಒಂದು ಹೊಸ ಫೈಲ್ ತೆಗೀತೀನಿ. ಏನೋ ಒಂದು ಸುಮ್ನೆ ಹೊಡೀತೀನಿ," ಎಂದು ಆತ 'ಟೆಸ್ಟ್' ಎಂದು ಹೊಡೆದ.

ಪಕ್ಕದಲ್ಲಿ ಮೂಡಿತು: [ಆಟ ಸಾಕು. ಕೆಲಸ ನೋಡು.]

ಕೆಲಸವಿಲ್ಲದಾಗ ಟೆಸ್ಟ್ ಟೆಸ್ಟ್ ಎಂದು ಹೊಡೆಯುತ್ತ ಕೂರುವುದು ಗೃಹಸ್ಥರ ಚಾಳಿ, ಅಕ್ಕ ಅದಕ್ಕೇ ಕಟ್ಟಿಟ್ಟಿದ್ದು. ಅದನ್ನು ಹೇಳೋಣವೆಂದು ತಿರುಗಿದರೆ ಸರ್ವೀಸಿನವನ ಬ್ಯಾಗಿನ ಜಿಪ್ಪು ಮುಚ್ಚಿಯಾಗಿತ್ತು. ಮುಂದಿನ ಸಲ ಫೋನ್ ಮಾಡಿದಾಗ ಕಂಪನಿಯವರು ಬೇರೆಯವನನ್ನು ಕಳಿಸಿದರು. ಅವನು ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಿಗೆ ಕೈಮುಗಿದು ಒಳಗೆ ಬಂದ.

ನೀವು ಯಾರು????

ಅಕ್ಕನ ಜಾಗಕ್ಕೆ ಯಜಮಾನರು ಯಾರನ್ನೂ ತೆಗೆದುಕೊಳ್ಳಲಿಲ್ಲ. "ಚೆಕಿಂಗ್ ನಾನೇ ನೋಡ್ಕೋತೀನಿ," ಎಂದರು. ಅವರು ಹಳೆಯ ಕಾಲದವರು. ಮೌಸನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿಯುವವರು. ಹೆಡ್‌ಫೋನ್ ಹಾಕಿಕೊಂಡು ಟೇಪು ಕೇಳುತ್ತ, ಕಾಗದದ ಮೇಲೆ ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು.

ಮಳೆಗಾಲ ಶುರುವಾದ ಮೇಲೆ ಹೊಸ ಬಗೆಯ ಟಿಪ್ಪಣಿಗಳು ಕಂಡವು. ಇವು ಯಾವ ಪದಕ್ಕೂ ಕಟ್ಟಿಟ್ಟವಲ್ಲ. ಹಿಂದಿನ ದಿನವಷ್ಟೇ ಬಂದ ಟೇಪಿನ ಮೇಲೆ, ಆ ಟೇಪನ್ನು ಕೇಳಿದವರು ಮಾತ್ರ ಬರೆಯಬಹುದಾದವು. [ಈ ಹೆಂಗಸಿನ ಬಳೆ ಸದ್ದು ಇಲ್ಲಿ ನಿಂತಿದೆ. ಸುಳ್ಳು ಹೇಳುವಾಗ ಕೈ ಆಡಿಸುವುದಿಲ್ಲ.] ಎಂದು ಒಂದು. ಟೇಪು ಹಿಂದಕ್ಕೆ ಓಡಿಸಿ ಕೇಳಿದೆ. ನಿಜವಾಗಿಯೂ ಬಳೆ ನಿಂತಿತ್ತು. ಇನ್ನೊಂದು ನನಗೇ: [ಕಣ್ಣು ಕೆಂಪಾಗಿದೆ. ತಣ್ಣೀರು ಹಾಕಿ ತೊಳೆದುಕೋ.] ಬಚ್ಚಲಿಗೆ ಹೋಗಿ ಕನ್ನಡಿ ನೋಡಿದರೆ ಕಣ್ಣು ಕೆಂಪಗೇ ಇತ್ತು. ಅಂಥ ಹಾಡಹಗಲಿನಲ್ಲಿ, ಕೆಳಗೆ ಗಿರಾಕಿಗಳು ಅರಿಸಿನದ ಕೊಂಬಿಗೆ ಚೌಕಾಸಿ ಮಾಡುತ್ತಿರುವಾಗ, ನಾನು ಕನ್ನಡಿಯ ಮುಂದೆ ನಿಂತು ನಡುಗಿದೆ.

ನಾನು ಗೃಹಸ್ಥರನ್ನು ಕೇಳಿದೆ. "ನಿಜ ಹೇಳಿ, ನೀವೇನಾ?"

"ನಿಮ್ಮನ್ನ ಕೇಳೋಣ ಅಂತ ನಾನಿದ್ದೆ. ನಮ್ಮ ತಾಯಾಣೆ ನಾನಲ್ಲ," ಎಂದರು. ಅವರು ತಾಯಿಯ ಆಣೆ ಹಾಕಿ ಸುಳ್ಳು ಹೇಳುವವರಲ್ಲ. ಬಸ್ ಟಿಕೆಟಿನ ವಿಷಯದಲ್ಲೂ ಹಾಕುವುದಿಲ್ಲ.

ಒಂದು ವಿಷಯ ಮಾತ್ರ ಒಪ್ಪಲೇಬೇಕು. ಹೆದರಿಕೆ ಒಂದು ಕಡೆ ಇರಲಿ, ಬೆಳಗ್ಗೆ ಬಂದು ಫೈಲು ತೆರೆಯುವಾಗ ಇವತ್ತು ಏನಿದೆಯೋ ಎಂದು ನಾನು ಕಾಯತೊಡಗಿದ್ದೆ. ತಿಂಗಳುಗಟ್ಟಲೆ ನಗದಿದ್ದವಳು ಮತ್ತೆ ಹೆಡ್‌ಫೋನಿನೊಳಗೆ ಕಿಸಕ್ಕನೆ ನಗತೊಡಗಿದೆ. ಬರೆಯುತ್ತಿದ್ದದ್ದು ದೆವ್ವವೇ ಆಗಿದ್ದರೂ ಅದು ಬಿಟ್ಟು ಹೋಗಬಾರದು ಎಂದೇ ನನಗಿತ್ತು.

ಗೃಹಸ್ಥರಿಗೆ ಹಾಗಿರಲಿಲ್ಲ. ಒಂದು ಶನಿವಾರ ಸಂಜೆ ಧೈರ್ಯ ಮಾಡಿ ತಾವೇ ಒಂದು ಟಿಪ್ಪಣಿ ಹಾಕಿದರು: [ನೀವು ಯಾರು????] ಹಾಕಿ ಭಾನುವಾರವಿಡೀ ಜ್ವರ ಬರಿಸಿಕೊಂಡರು. ಸೋಮವಾರ ಇಬ್ಬರೂ ಒಟ್ಟಿಗೆ, ಒಬ್ಬರ ತೋಳು ಒಬ್ಬರು ಹಿಡಿಯುವುದೊಂದು ಬಾಕಿ, ಪರದೆ ನೋಡಿದೆವು. ಉತ್ತರ ಬಂದಿತ್ತು.

[ಒಂದು ಪ್ರಶ್ನೆಗೆ ನಾಲ್ಕು ಚಿಹ್ನೆ ಯಾಕೆ? ಒಂದು ಸಾಕು.]

ಗೃಹಸ್ಥರು ಕುಂಕುಮದ ಪೊಟ್ಟಣ ಬಿಚ್ಚುತ್ತ, "ಅಕ್ಕಾನೇ ಕಣ್ರೀ. ಸಂಶಯವೇ ಇಲ್ಲ," ಎಂದರು.

ಎನ್.ಆರ್. ಕಾಲೋನಿಯಲ್ಲಿ

ಗೌರಿ ಹಬ್ಬ ಮುಗಿದ ಮೇಲೆ ಛತ್ರದ ಕೇಸಿನ ದೊಡ್ಡ ಹಿಯರಿಂಗ್ ಒಂದಾಯಿತು. ಅದರ ಟೇಪು ಟೈಪ್ ಮಾಡಿ, ಅವಸರದಲ್ಲಿ ಪ್ರಿಂಟ್ ತೆಗೆದು, ಬೈಂಡ್ ಹಾಕಿಸಿ, ಸಾಹೇಬರಿಗೊಂದು, ಎರಡು ಕಡೆಯ ವಕೀಲರಿಗೆ ಒಂದೊಂದು ಪ್ರತಿ ಕಳಿಸಿದೆವು. ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ ಆ ಹೊಸ ಸರ್ವೀಸಿನವನು ಅದೇ ವಾರ ಇನ್ನೊಮ್ಮೆ ಬಂದಿದ್ದಾಗ ಭಯಭಕ್ತಿಯಲ್ಲಿ ಪ್ರಿಂಟರನ್ನು 'ಇರುವುದೆಲ್ಲ ಬರಲಿ' ಎಂದು ಹೊಂದಿಸಿ ಹೋಗಿದ್ದ. ನಾವು ಯಾರೂ ಪುಟ ತಿರುಗಿಸಿ ನೋಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ಸಾಹೇಬರ ಮನೆಯಿಂದ ಫೋನ್ ಬಂತು. ಯಜಮಾನರು ರಿಸೀವರ್ ಇಟ್ಟು, ಶರ್ಟಿನ ಗುಂಡಿ ಹಾಕಿಕೊಂಡು, "ಟಿಪ್ಪಣಿ ಅಚ್ಚಾಗಿದ್ಯಂತೆ. ಎಲ್ರೂ ಬನ್ನಿ ಅಂದಿದಾರೆ," ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೂವರೂ ಒಂದು ಆಟೋ ಹತ್ತಿದೆವು. ಮುಂದಿನ ತಿಂಗಳು ಮನೆಯಲ್ಲಿ ಏನೆಂದು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ.

ಸಾಹೇಬರ ಮನೆಯ ಹಾಲು. ಒಂದು ಕಡೆ ಅಣ್ಣ ಮತ್ತು ಅವನ ವಕೀಲರು, ಇನ್ನೊಂದು ಕಡೆ ತಮ್ಮ ಮತ್ತು ಅವನ ವಕೀಲರು. ನಾವು ಗೋಡೆಗೊರಗಿ ನಿಂತೆವು. ಸಾಹೇಬರು ಕನ್ನಡಕ ಏರಿಸಿಕೊಂಡು, ಬೈಂಡ್ ಹಾಕಿದ ಪ್ರತಿ ಬಿಚ್ಚಿ, ತೀರ್ಪು ಓದುವ ದನಿಯಲ್ಲಿ ಓದತೊಡಗಿದರು.

"'ಈ ವಕೀಲರ ಷೂ ಕಿರ್ ಕಿರ್ ಅನ್ನುತ್ತೆ. ಪ್ರಶ್ನೆಗಿಂತ ಅದೇ ಜೋರು.'"

ಅಣ್ಣನ ವಕೀಲರು ಮೆಲ್ಲಗೆ ಕಾಲನ್ನು ಕುರ್ಚಿಯ ಕೆಳಗೆ ಸರಿಸಿಕೊಂಡರು. ಕಿರ್ ಎಂದಿತು. ಸಾಹೇಬರು ಪುಟ ತಿರುಗಿಸಿದರು.

"'ತಮ್ಮ ಮಾತಾಡುವಾಗೆಲ್ಲ ಅಣ್ಣ ಹ್ಞೂಂ ಹ್ಞೂಂ ಅಂತಾನೆ. ಒಪ್ಪಿಕೊಂಡ ಹಾಗೇ ಇದೆ. ಮತ್ತೆ ಕೇಸು ಯಾಕೆ?'"

ಅಣ್ಣತಮ್ಮಂದಿರು ಬಹಳ ದಿನಗಳ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಅದನ್ನು ನೋಡುವ ಚೈತನ್ಯವಿರಲಿಲ್ಲ. ಏಕೆಂದರೆ ಮುಂದಿನ ಟಿಪ್ಪಣಿ ಏನೆಂದು ನನಗೆ ಗೊತ್ತಿತ್ತು. ಹೋದ ವಾರ ಪರದೆಯ ಮೇಲೆ ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಗೃಹಸ್ಥರಿಗೂ ಗೊತ್ತಿತ್ತು, ಅವರ ತುಟಿ ಹನುಮಾನ್ ಚಾಲೀಸಾದಲ್ಲಿ ಅಲ್ಲಾಡುತ್ತಿತ್ತು. ಸಾಹೇಬರು ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚಿದರು.

"'ಇಲ್ಲಿಂದ ಸಾಹೇಬರ ಗೊರಕೆ,'" ಎಂದು ಓದಿದರು.

ಸಾಹೇಬರು ನಿಲ್ಲಿಸಲಿಲ್ಲ. ಕೋರ್ಟಿನ ಅಭ್ಯಾಸ, ವಾಕ್ಯ ಅರ್ಧಕ್ಕೆ ಬಿಡುವವರಲ್ಲ. "'ಸಾಕ್ಷಿ ಪಾಪ ಮೆತ್ತಗೆ ಮಾತಾಡುತ್ತಿದ್ದಾನೆ, ಎಚ್ಚರವಾಗದಿರಲಿ ಅಂತ.'"

ಪ್ರತಿಯನ್ನು ಮುಚ್ಚಿ ಮಂಡಿಯ ಮೇಲಿಟ್ಟುಕೊಂಡರು. ತಮ್ಮನ ವಕೀಲರು ಎದ್ದು, "ಇದನ್ನ ಬರೆದವರನ್ನ ಇಲ್ಲಿಗೆ ಕರೆಸ್ಬೇಕು ಸಾರ್. ನಾವು ಪಾಟೀಸವಾಲು ಮಾಡ್ಬೇಕು," ಎಂದರು.

"ಯಾರ್ರೀ ಬರೆದಿದ್ದು?" ಸಾಹೇಬರು ನಮ್ಮ ಕಡೆ ನೋಡಿದರು.

ನನ್ನ ಬಾಯಿಂದ ಸತ್ಯವೇ ಬಂತು. "ನಮ್ಮ ಅಕ್ಕ ಸಾರ್. ಅವರು... ಈಗಿಲ್ಲ."

"ರಜೆಯ ಮೇಲಿದಾರಾ?"

"ತೀರ್ಕೊಂಡಿದಾರೆ ಸಾರ್. ಯುಗಾದಿಗೆ ಮುಂಚೆ."

ಸಾಹೇಬರು ಪ್ರತಿಯ ಮೇಲಿನ ತಾರೀಖು ನೋಡಿದರು. ಗೌರಿ ಹಬ್ಬದ ನಂತರದ ಹಿಯರಿಂಗ್. ಎರಡು ಕಡೆಯ ವಕೀಲರೂ ತಮ್ಮ ತಮ್ಮ ಪ್ರತಿಯನ್ನು ಸ್ವಲ್ಪ ದೂರ ತಳ್ಳಿದರು. ಅಣ್ಣ ಕುರ್ಚಿಯನ್ನು ತಮ್ಮನ ಹತ್ತಿರಕ್ಕೆ ಎಳೆದುಕೊಂಡ. ಬೆಳಗಿನ ಹನ್ನೊಂದು ಗಂಟೆ, ಹೊರಗೆ ಸೊಪ್ಪಿನವಳು ಕೂಗುತ್ತಿದ್ದಳು.

ಆಗ ನಮ್ಮ ಯಜಮಾನರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ನಾನು ಸ್ವಾಮಿ," ಎಂದರು. "ಬರೀತಿದ್ದದ್ದು ನಾನು."

ನಾನೂ ಗೃಹಸ್ಥರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಯಜಮಾನರ ಕಣ್ಣು ನೆಲದ ಮೇಲಿತ್ತು. "ಆಯಮ್ಮ ಇದ್ದಾಗ ನನಗೂ ಬರೆದಿಡ್ತಿದ್ರು. ಬೆಳಿಗ್ಗೆ ಇವರೆಲ್ಲಾ ಬರೋಕ್ ಮುಂಚೆ ಓದ್ಕೋತಿದ್ದೆ. ಮಾತ್ರೆ ತಗೊಂಡ್ರಾ, ಕಾಫಿ ಎಷ್ಟಾಯ್ತು, ಹೀಗೆ. ಬರೆಯೋದನ್ನೂ ಅವರೇ ಹೇಳಿಕೊಟ್ರು. ಅವರು ಹೋದ್ಮೇಲೆ ಆಫೀಸು ಬಿಕೋ ಅಂತಿತ್ತು ಸ್ವಾಮಿ. ಈ ಇಬ್ರೂ ನಗೋದೇ ನಿಲ್ಲಿಸ್ಬಿಟ್ಟಿದ್ರು. ನನಗೆ ತಡೀಲಿಲ್ಲ. ಅವರ ಹಾಗೇ ಒಂದೆರಡು ಬರೆದೆ. ಈ ಹುಡುಗಿ ನಕ್ಕಳು. ಆಮೇಲೆ ಬಿಡಕ್ಕಾಗ್ಲಿಲ್ಲ. ಕೆಲಸ ವಾಪಸ್ ತಗೊಳ್ಳಿ ಸ್ವಾಮಿ, ತಪ್ಪು ನನ್ನದು. ಇವರದಲ್ಲ."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ದೆವ್ವ ಎಂದು ಮಳೆಗಾಲವಿಡೀ ಹೆದರಿದ್ದು ಈ ಮನುಷ್ಯನಿಗೆ. ಅಕ್ಕ ಮತ್ತೊಮ್ಮೆ ಹೋದ ಹಾಗಾಯಿತು ನನಗೆ. ಜೊತೆಗೇ, ನಮ್ಮ ಜೊತೆ ಇನ್ನೊಬ್ಬರೂ ಅವರಿಗಾಗಿ ಅತ್ತಿದ್ದರು ಎಂದು ತಿಳಿದು ಎಷ್ಟೋ ಹಗುರವೂ ಆಯಿತು.

ಸಾಹೇಬರು ಆ ಪುಟವನ್ನು ಮತ್ತೆ ತೆರೆದರು.

"ಅಂದ್ರೆ ಈ ಗೊರಕೇದೂ ನೀವೇ ಬರೆದಿದ್ದು?"

ಯಜಮಾನರು ಮೂವತ್ತು ವರ್ಷ ಈ ಸಾಹೇಬರ ಪ್ರತಿ ಮಾತನ್ನೂ ಒಂದಕ್ಷರ ಆಚೀಚೆ ಮಾಡದೆ ಬರೆದುಕೊಂಡವರು. ಅವರು ತಲೆ ಎತ್ತಿ ಫ್ಯಾನು ನೋಡಿದರು. ನನ್ನನ್ನು ನೋಡಿದರು. ಗೃಹಸ್ಥರನ್ನು ನೋಡಿದರು.

"ಇಲ್ಲ ಸ್ವಾಮಿ," ಎಂದರು. "ಅದೊಂದು ಮಾತ್ರ ಆಯಮ್ಮಂದೇ."

"ತೀರಿಕೊಂಡ ಮೇಲೆ ಬರೆದದ್ದು?"

"ಹೌದು ಸ್ವಾಮಿ. ತೀರಿಕೊಂಡ ಮೇಲೇ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸರಿ. ಮುಂದಿನ ಹಿಯರಿಂಗ್ ಟೇಪೂ ನಿಮ್ಮಲ್ಲಿಗೇ ಬರುತ್ತೆ. ಕಳಿಸೋಕ್ ಮುಂಚೆ ಪುಟ ತಿರುವಿ ನೋಡಿ," ಎಂದರು. ಆಮೇಲೆ ವಕೀಲರ ಕಡೆ ತಿರುಗಿ, "ಈ ಗೊರಕೆ ವಿಚಾರ. ಬದುಕಿರೋರು ಯಾರಾದ್ರೂ ಕೇಳಿಸ್ಕೊಂಡಿದೀರಾ?"

ಇಬ್ಬರು ವಕೀಲರೂ ಒಟ್ಟಿಗೆ ಎದ್ದು ನಿಂತು, "ಇಲ್ಲ ಸಾರ್," ಎಂದರು.

ಅಷ್ಟು ವರ್ಷದ ಆ ಕೇಸಿನಲ್ಲಿ ಎರಡೂ ಕಡೆಯವರು ಒಪ್ಪಿಕೊಂಡ ಮೊದಲ ಸಂಗತಿ ಅದು.